ಗಿಟಾರ್ ಮಾರಿ ಕಟ್ಟಿದ ಹಾಡು

ಮಗ ಗಿಟಾರ್ ಹಿಡಿದರೆ ಓದು ಕೆಟ್ಟಿತೆಂದು ಹೆತ್ತವರ ಭಯ. ಓದಿನ ಹೊರೆಯಲ್ಲಿ ಹಾಡು ಸತ್ತಿತೆಂದು ಮಕ್ಕಳ ಕೊರಗು. ಈ ಹಳೆಯ ಜಗಳಕ್ಕೆ ‘ಇಂಡಿಯನ್ ಓಷನ್’ ಎಂಬ ದೆಹಲಿಯ ರಾಕ್ ತಂಡ ಬೇರೆಯೇ ಉತ್ತರ ಕೊಡುತ್ತದೆ.

ತಂಡ ಕಟ್ಟಿದವರು ಗಿಟಾರಿನ ಸುಸ್ಮಿತ್ ಸೇನ್ ಮತ್ತು ತಬಲಾದ ಅಶೀಮ್ ಚಕ್ರವರ್ತಿ. 1990ರಲ್ಲಿ ಮಾದರಿ ಕ್ಯಾಸೆಟ್ ಮುದ್ರಿಸಲು ಕೈಯಲ್ಲಿ ಕಾಸಿರಲಿಲ್ಲ. ಸುಸ್ಮಿತ್ ತಮ್ಮ ಎಲೆಕ್ಟ್ರಿಕ್ ಗಿಟಾರನ್ನೇ ಮಾರಿಬಿಟ್ಟರು! 1993ರಲ್ಲಿ ಎಚ್‌ಎಂವಿ ಕಂಪನಿ ತಂಡದ ಮೊದಲ ಆಲ್ಬಂ ಹೊರತಂದಿತು. ಸಿನಿಮಾ ಹಾಡುಗಳೇ ಆಳುತ್ತಿದ್ದ ಪೇಟೆಯಲ್ಲಿ ಅಷ್ಟು ದೊಡ್ಡ ಕಂಪನಿ ಇಂಥವರಿಗೆ ಮಣೆ ಹಾಕಿದ್ದು ಸಣ್ಣ ಮಾತಲ್ಲ.

ಬೇಸ್ ಗಿಟಾರಿನ ರಾಹುಲ್ ರಾಮ್ ಓದಿನಲ್ಲೂ ಹಿಂದೆ ಬಿದ್ದವರಲ್ಲ. ಕಾನ್ಪುರದ ಐಐಟಿಯಲ್ಲಿ ಕಲಿತು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷವಿಜ್ಞಾನದ ಡಾಕ್ಟರೇಟ್ ಪಡೆದವರು. ನರ್ಮದಾ ಬಚಾವೋ ಆಂದೋಲನದಲ್ಲೂ ದುಡಿದರು. ಆ ಕಣಿವೆಯ ಹಾಡೊಂದು ‘ಮಾ ರೇವಾ’ ಆಗಿ 2000ದ ‘ಕಂದೀಸಾ’ ಆಲ್ಬಂ ಸೇರಿತು.

ದಾರಿ ಸಲೀಸಾಗಿರಲಿಲ್ಲ. ಅಶೀಮ್ 2009ರಲ್ಲಿ ತೀರಿಕೊಂಡರು. 2013ರಲ್ಲಿ ಸುಸ್ಮಿತ್ ಹೊರನಡೆದರು. ಆದರೂ ತಂಡ ಹಾಡುವುದನ್ನು ಬಿಡಲಿಲ್ಲ.

ಬೀದರ್ ಜಿಲ್ಲೆಯ ನಿರ್ಣಾದ ಮಕ್ಕಳಿಗೆ ಇದು ದೂರದ ಕಥೆಯೇನಲ್ಲ. ಹುಮನಾಬಾದಿನ ಮಾಣಿಕನಗರದಲ್ಲಿ 19ನೇ ಶತಮಾನದಲ್ಲೇ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದರು. ಅತ್ತ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಕಾಯಕ ಮಾಡುತ್ತಲೇ ವಚನ ನುಡಿದರು. ಕಾಯಕಕ್ಕೂ ಪದಕ್ಕೂ ಜಗಳ ಹಚ್ಚದ ನೆಲವಿದು. ಪುಸ್ತಕ, ಗಿಟಾರ್ ಎರಡಕ್ಕೂ ಮನೆಯಲ್ಲಿ ಒಂದೊಂದು ಮೊಳೆ ಇರಲಿ.