ಹಿಸಾಯಾಮದವರು ಕುಡಿದ ಸಕ್ಕರೆ ನೀರು

ಅರವತ್ತಕ್ಕೆ ಅರಳುಮರಳು ಅಂದವರು ಅರವತ್ತಕ್ಕೇ ಯಾಕೆ ಎಂದು ಕೇಳಿಕೊಳ್ಳಲಿಲ್ಲ. ವಯಸ್ಸಾಯಿತು, ಮರೆವು ಬಂತು, ಅಷ್ಟೆ. ಮರೆವಿನ ಬೇರನ್ನು ರಕ್ತದ ಸಕ್ಕರೆಯಲ್ಲಿ ಹುಡುಕುವ ಯೋಚನೆ ವೈದ್ಯರಿಗೂ ತಡವಾಗಿಯೇ ಬಂತು. ಬಂದ ದಾರಿಗಳಲ್ಲಿ ಒಂದು ಶುರುವಾದದ್ದು ಮರೆವಿಗೂ ಸಕ್ಕರೆಗೂ ಸಂಬಂಧವಿಲ್ಲದ ಒಂದು ಅನುಮಾನದಿಂದ.

1950ರ ದಶಕದಲ್ಲಿ ಜಪಾನಿನಲ್ಲಿ ಲಕ್ವ ಹೊಡೆದು ಸಾಯುವವರು ವಿಪರೀತ. ಸರ್ಕಾರಿ ಲೆಕ್ಕದ ಪ್ರಕಾರ ಮಿದುಳಿನ ರಕ್ತನಾಳ ಕಟ್ಟಿಕೊಂಡು ಸತ್ತವರಿಗಿಂತ ನಾಳ ಒಡೆದು ಸತ್ತವರು 12 ಪಟ್ಟು ಹೆಚ್ಚು. ಹೊರದೇಶದ ತಜ್ಞರು ಇದನ್ನು ನಂಬಲಿಲ್ಲ. ಜಪಾನಿನ ವೈದ್ಯರು ರೋಗ ಗುರುತಿಸುವುದರಲ್ಲೇ ಎಡವಿದ್ದಾರೆ ಅಂದರು. ಮಾತಿನಲ್ಲಿ ತೀರುವ ಜಗಳ ಅದಾಗಿರಲಿಲ್ಲ. ಕ್ಯೂಷು ವಿಶ್ವವಿದ್ಯಾಲಯದ ಪ್ರೊಫೆಸರ್ ಶಿಬಾನೊಸುಕೆ ಕಾಟ್ಸುಕಿ 1961ರಲ್ಲಿ ಫುಕುವೊಕಾ ನಗರದ ಪಕ್ಕದ ಹಿಸಾಯಾಮ ಎಂಬ ಸಣ್ಣ ಊರನ್ನು ಆರಿಸಿಕೊಂಡರು. ಜನರ ವಯಸ್ಸು, ಕಸುಬು ನೋಡಿದರೆ ಊರು ಇಡೀ ಜಪಾನಿನ ಪಡಿಯಚ್ಚಿನಂತಿತ್ತು. ಬದುಕಿದ್ದವರನ್ನು ಮತ್ತೆ ಮತ್ತೆ ಪರೀಕ್ಷಿಸುವುದು, ತೀರಿಕೊಂಡರೆ ಮನೆಯವರನ್ನು ಒಪ್ಪಿಸಿ ಶವಪರೀಕ್ಷೆ ಮಾಡುವುದು ಯೋಜನೆ. ಹೆಣದ ಮುಂದೆ ಕೂತವರ ಹತ್ತಿರ ಈ ಮಾತೆತ್ತಲು ನಮ್ಮಲ್ಲಿ ಯಾರಿಗೆ ಬಾಯಿ ಬಂದೀತು? ಹಿಸಾಯಾಮದಲ್ಲಿ ಸತ್ತವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರ ಮನೆಯವರು ಒಪ್ಪಿದರು. ಮಿದುಳು ತೆರೆದು ನೋಡಿದರೆ ಅನುಮಾನ ಸುಳ್ಳಾಗಿರಲಿಲ್ಲ. ನಾಳ ಕಟ್ಟಿಕೊಂಡ ಪ್ರಕರಣಗಳೇ ಹೆಚ್ಚಿದ್ದವು.

ಜಗಳ ತೀರಿತು, ಅಧ್ಯಯನ ನಿಲ್ಲಲಿಲ್ಲ. ಬಿ.ಪಿ.ಗೆ ಮಾತ್ರೆ ಬಂತು, ಲಕ್ವ ಇಳಿಯಿತು, ಜನ ಹೆಚ್ಚು ಕಾಲ ಬದುಕತೊಡಗಿದರು. ಸಕ್ಕರೆ ಕಾಯಿಲೆ ಮಾತ್ರ ಏರುತ್ತ ಹೋಯಿತು. 1985ರಲ್ಲಿ ಊರಿನ ಹಿರಿಯರ ಮರೆವೂ ಲೆಕ್ಕಕ್ಕೆ ಸೇರಿತು. 1988ರಲ್ಲಿ ಸುಮಾರು 2,500 ಮಂದಿ ಖಾಲಿ ಹೊಟ್ಟೆಯಲ್ಲಿ ಬಂದು, 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿದು, ಎರಡು ಗಂಟೆ ಕಾದು ಮತ್ತೆ ರಕ್ತ ಕೊಟ್ಟರು. ಅವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇಲ್ಲದ, 60 ದಾಟಿದ 1,017 ಮಂದಿಯ ಮೇಲೆ 15 ವರ್ಷ ಕಣ್ಣಿಟ್ಟರು. 232 ಮಂದಿಗೆ ಡಿಮೆನ್ಷಿಯಾ ಬಂತು. 2011ರಲ್ಲಿ ಲೆಕ್ಕ ಹೊರಬಿದ್ದಾಗ, ಸಕ್ಕರೆ ಕಾಯಿಲೆಯವರಿಗೆ ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್ಸ್ ಬರುವ ಅಪಾಯ ಉಳಿದವರ ಎರಡರಷ್ಟಿತ್ತು. ವಿಚಿತ್ರವೆಂದರೆ ಖಾಲಿ ಹೊಟ್ಟೆಯ ಸಕ್ಕರೆಗೂ ಮರೆವಿಗೂ ನಂಟು ಕಾಣಲಿಲ್ಲ. ಎರಡು ಗಂಟೆಯ ನಂತರದ ಸಕ್ಕರೆ ಏರಿದಷ್ಟೂ ಅಪಾಯ ಏರಿತ್ತು. ಆ ನೀರು ಕುಡಿದು ಮುಂದೆ ತೀರಿಕೊಂಡ 135 ಮಂದಿಯ ಮಿದುಳನ್ನೂ ನೋಡಿದರು. ಅಂದು ಸಕ್ಕರೆ ಜಾಸ್ತಿ ಇದ್ದವರ ಮಿದುಳಿನಲ್ಲಿ ಅಲ್ಜೈಮರ್ಸ್‌ನ ಗುರುತಾದ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು ಹೆಚ್ಚು ಕಂಡವು.

ಎರಡು ಪಟ್ಟು ಅಪಾಯದ ಮಾತು ಹೊಸದೇನಲ್ಲ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ 6,370 ಮಂದಿಯನ್ನು ನೋಡಿದವರು 1999ರಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಕಾರಣ ಯಾವುದು ಎಂಬುದರಲ್ಲಿ ಜಗ್ಗಾಟವಿದೆ. ಮಿದುಳಿನ ಸಣ್ಣ ನಾಳಗಳು ಕೆಡುವುದು ಒಂದು. ಇನ್ನೊಂದು ಊಹೆ, ಇನ್ಸುಲಿನ್ನನ್ನು ಒಡೆಯುವ ಕಿಣ್ವವೇ ಅಮೈಲಾಯ್ಡನ್ನೂ ಒಡೆಯಬೇಕು ಎನ್ನುವುದರಿಂದ ಹುಟ್ಟಿದ್ದು. ಎರಡು ಹೊಲಕ್ಕೆ ಒಬ್ಬನೇ ಆಳು. ಒಂದರಲ್ಲಿ ಕೆಲಸ ಮಿತಿಮೀರಿದರೆ ಇನ್ನೊಂದರಲ್ಲಿ ಕಳೆ. 2005ರಲ್ಲಿ ಅಮೆರಿಕದ ಸುಸಾನ್ ಡಿ ಲಾ ಮಾಂಟೆ ಮತ್ತು ಸಂಗಡಿಗರು ಅಲ್ಜೈಮರ್ಸ್ ಅನ್ನು ‘ಟೈಪ್ 3 ಡಯಾಬಿಟಿಸ್’ ಅಂದರು. ಪತ್ರಿಕೆಗಳಿಗೆ ಇದಕ್ಕಿಂತ ರುಚಿಯಾದ ಹೆಸರು ಬೇಕೆ! ನನಗಂತೂ ಅದು ದಾರಿ ತಪ್ಪಿಸುವ ಹೆಸರು. ಸಕ್ಕರೆ ಕಾಯಿಲೆ ಇಲ್ಲದ ಎಷ್ಟೋ ಜನರಿಗೆ ಅಲ್ಜೈಮರ್ಸ್ ಬರುತ್ತದೆ. ಇರುವ ಎಷ್ಟೋ ಜನರು ತೊಂಬತ್ತರಲ್ಲೂ ಹಳೆಯ ಸಾಲದ ಲೆಕ್ಕ ಬಡ್ಡಿಸಮೇತ ಒಪ್ಪಿಸುತ್ತಾರೆ.

ಹಾಗಾದರೆ ಸಕ್ಕರೆ ಇಳಿಸಿದರೆ ಮರೆವು ತಪ್ಪೀತೇ? ಅಮೆರಿಕ, ಕೆನಡಾಗಳಲ್ಲಿ ನಡೆದ ‘ಅಕಾರ್ಡ್’ ಪ್ರಯೋಗದಲ್ಲಿ, ಬಹುಕಾಲದಿಂದ ಕಾಯಿಲೆ ಇದ್ದವರ ಸಕ್ಕರೆಯನ್ನು ಔಷಧಿಯಿಂದ ಬಿಗಿಯಾಗಿ ಇಳಿಸಿದರೂ ನೆನಪಿನ ಪರೀಕ್ಷೆಗಳಲ್ಲಿ ಲಾಭ ಕಾಣಲಿಲ್ಲ. ಮೂಗಿನಲ್ಲಿ ಇನ್ಸುಲಿನ್ ಸಿಂಪಡಿಸಿದ ದೊಡ್ಡ ಪ್ರಯೋಗವೂ 2020ರಲ್ಲಿ ಕೈಕೊಟ್ಟಿತು. ಲಂಡನ್ನಿನ ಸರ್ಕಾರಿ ನೌಕರರ ‘ವೈಟ್‌ಹಾಲ್’ ಅಧ್ಯಯನ 2021ರಲ್ಲಿ ಬೇರೆ ದಿಕ್ಕು ತೋರಿಸಿತು: ಸಕ್ಕರೆ ಕಾಯಿಲೆ ಎಷ್ಟು ಚಿಕ್ಕ ವಯಸ್ಸಿಗೆ ಬಂದರೆ ಡಿಮೆನ್ಷಿಯಾದ ಅಪಾಯ ಅಷ್ಟು ಹೆಚ್ಚು. ಎಪ್ಪತ್ತರ ಮರೆವಿನ ಲೆಕ್ಕ ನಲವತ್ತೈದರಲ್ಲೇ ಬರೆದುಕೊಳ್ಳುತ್ತಿರಬಹುದು.

ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿತು. 60 ದಾಟಿದವರಲ್ಲಿ ಡಿಮೆನ್ಷಿಯಾ ನೂರಕ್ಕೆ 7.4. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಹತ್ತು ಸಾವಿರ ಮಂದಿಯನ್ನು ಗುರಿಯಾಗಿಟ್ಟುಕೊಂಡು ಇಂಥದೇ ದೀರ್ಘ ಅಧ್ಯಯನ ನಡೆಸುತ್ತಿದೆ. ಅಲ್ಲಿಯೂ ಹೆಸರು ಬರೆಸಿಕೊಳ್ಳುವುದು 45ನೇ ವಯಸ್ಸಿನಿಂದ.

ಅದರ ಉತ್ತರ ಬರುವವರೆಗೆ ಒಂದು ಸಣ್ಣ ಕೋರಿಕೆ. ಫಾಸ್ಟಿಂಗ್ ರಕ್ತ ಕೊಟ್ಟು, ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ಎರಡನೆಯ ಸಲಕ್ಕೆ ಯಾರು ಕಾಯುತ್ತಾರೆ ಎಂದು ಮನೆಗೆ ಹೋಗಿಬಿಡುತ್ತೀರಲ್ಲ? ಹಾಗೆ ಮಾಡಬೇಡಿ. ಆ ಎರಡು ಗಂಟೆ ಕೂತಿರಿ.