ಪೊರೆ ತೆರೆಸಿದ ಕರೆಂಟು

ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ಲೋಹದ ದೋಟಿಯೋ ಏಣಿಯೋ ತಾಗಿ ಶಾಕ್ ಹೊಡೆದ ಸುದ್ದಿ ಮಂಗಳೂರಿನ ಸುತ್ತಮುತ್ತ ಅಪರೂಪವಲ್ಲ. ಬದುಕಿ ಉಳಿದವರ ಅಂಗೈಯಲ್ಲಿ ಒಂದು ಸುಟ್ಟ ಗುರುತು, ಪಾದದಲ್ಲಿ ಇನ್ನೊಂದು. ನಡುವಿನ ಚರ್ಮಕ್ಕೆ ಏನೂ ಆಗಿರುವುದಿಲ್ಲ. ಆದರೆ ದಿನ ಕಳೆದಂತೆ ಒಳಗಿನ ಸ್ನಾಯು ಸತ್ತಿರುವುದು ಗೊತ್ತಾಗುತ್ತದೆ. ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾಗುತ್ತದೆ. ಅಡಿಕೆ ಕೊಯ್ಲಿಗೆ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ ನಿಜ, ಆದರೆ ಕಾರ್ಬನ್ ಕೂಡ ಕರೆಂಟನ್ನು ಹರಿಯಬಿಡುತ್ತದೆ. ಲೋಹವಲ್ಲವೆಂದು ಧೈರ್ಯ ಮಾಡುವ ಹಾಗಿಲ್ಲ.

ಹೊರಗೆ ಅಷ್ಟು ಸಣ್ಣ ಗಾಯ, ಒಳಗೆ ಇಷ್ಟು ನಾಶ ಹೇಗೆ? ಬಹುಕಾಲ ಇದಕ್ಕಿದ್ದ ಉತ್ತರ ಒಂದೇ: ಕರೆಂಟು ಹರಿದು ಮಾಂಸ ಬೆಂದಿತು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ರಾಫೆಲ್ ಲೀ ಎಂಜಿನಿಯರಿಂಗನ್ನೂ ಓದಿದವರು. ಬಿಸಿಯೊಂದೇ ಕಾರಣವಲ್ಲ, ವಿದ್ಯುತ್ ಕ್ಷೇತ್ರವೇ ಜೀವಕೋಶಗಳ ಪೊರೆಯನ್ನು ತೂತು ಮಾಡುತ್ತದೆ ಎಂದು ಅವರು 1987ರಲ್ಲಿ ಸಹೋದ್ಯೋಗಿಯೊಡನೆ ಬರೆದ ಪ್ರಬಂಧದಲ್ಲಿ ವಾದಿಸಿದರು.

ಕೋಶದ ಒಳಗೂ ಹೊರಗೂ ಉಪ್ಪುನೀರು. ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ನಡುವಿನ ಪೊರೆ ಮಾತ್ರ ಕೊಬ್ಬಿನದು, ಕರೆಂಟನ್ನು ಬಿಡುವುದಿಲ್ಲ. ಅದರ ದಪ್ಪ ಸುಮಾರು 5 ನ್ಯಾನೊಮೀಟರ್. ಹಾಗಾಗಿ ಕೋಶದ ಉದ್ದಕ್ಕೂ ಹಂಚಿಹೋಗಬೇಕಾದ ವೋಲ್ಟೇಜೆಲ್ಲ ಆ ತೆಳು ಪದರದ ಮೇಲೆ ಬಂದು ಬೀಳುತ್ತದೆ. ಸುಮಾರು ಒಂದು ವೋಲ್ಟ್ ಬಿದ್ದರೂ ಸಾಕು, ನೀರಿನ ಕಣಗಳು ಕೊಬ್ಬಿನೊಳಗೆ ನುಗ್ಗಿ ರಂಧ್ರ ಮಾಡುತ್ತವೆ. ಕೋಶ ಉದ್ದವಾದಷ್ಟೂ ಪೊರೆಗೆ ಪೆಟ್ಟು ಹೆಚ್ಚು. ಸ್ನಾಯು ಮತ್ತು ನರದ ಕೋಶಗಳು ಉದ್ದನೆಯವು, ಮೊದಲು ಬಲಿಯಾಗುವುದೂ ಅವೇ. ಒಡೆದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಸೋರಿ ರಕ್ತಕ್ಕೆ ಸೇರುತ್ತದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೂತ್ರಪಿಂಡ ಕೈಕೊಡಬಹುದು. ದೊಡ್ಡ ಲೈನಿನ ಶಾಕ್ ಹೊಡೆದವರು ಗಾಯ ಚಿಕ್ಕದೆಂದು ಮನೆಯಲ್ಲಿ ಉಳಿಯಬಾರದು ಎನ್ನುವುದು ಇದಕ್ಕೇ. ಇಲಿಗಳ ಸ್ನಾಯುವಿನಲ್ಲಿ ಹೀಗೆ ತೂತಾದ ಪೊರೆಯನ್ನು ಪೊಲೊಕ್ಸಮರ್ ಎಂಬ ರಾಸಾಯನಿಕ ಮುಚ್ಚಬಲ್ಲದು ಎಂದು ಲೀ ತಂಡ 1992ರಲ್ಲಿ ತೋರಿಸಿತು. ಶಾಕ್ ಹೊಡೆದವರ ಮಾಮೂಲಿ ಚಿಕಿತ್ಸೆಯಾಗಿ ಅದಿನ್ನೂ ಬಂದಿಲ್ಲ, ಅದೇ ಬೇಸರದ ಸಂಗತಿ.

ಲೀ ಕೈಗೆತ್ತಿಕೊಂಡ ವಿಚಾರ ಅಷ್ಟರಲ್ಲಾಗಲೇ ಪ್ರಯೋಗಶಾಲೆಗಳಲ್ಲಿ ಬೆಳೆದು ನಿಂತಿತ್ತು. 1967ರಲ್ಲಿ ಸೇಲ್ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ಬ್ಯಾಕ್ಟೀರಿಯಾ, ಯೀಸ್ಟ್‌ಗಳಿಗೆ ಕ್ಷಣಮಾತ್ರದ ವಿದ್ಯುತ್ ಹೊಡೆತ ಕೊಟ್ಟು ಕೊಂದು ನೋಡಿದ್ದರು. ಅವು ಬಿಸಿಯಿಂದ ಸಾಯುತ್ತಿರಲಿಲ್ಲ. 1972ರಲ್ಲಿ ಎಬರ್‌ಹಾರ್ಡ್ ನ್ಯೂಮನ್ ಮತ್ತು ರೋಸೆನ್‌ಹೆಕ್ ಹೊಡೆತದಿಂದ ಪೊರೆ ತೆರೆದುಕೊಂಡು ಒಳಗಿನದು ಹೊರಬರುವುದನ್ನು ತೋರಿಸಿದರು. ಹೊಡೆತ ಮಿತದಲ್ಲಿದ್ದರೆ ಪೊರೆ ತಾನೇ ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬುದು ಇಡೀ ಕಥೆಯ ತಿರುವು. ಒಳಗಿನದು ಹೊರಬರುವುದಾದರೆ ಹೊರಗಿನದು ಒಳಹೋಗಲೂಬೇಕಲ್ಲ? 1982ರಲ್ಲಿ ನ್ಯೂಮನ್ ತಂಡ ಜೀನೊಂದರ ಕೊರತೆಯಿದ್ದ ಇಲಿಯ ಕೋಶಗಳನ್ನು ತೆಗೆದುಕೊಂಡಿತು. ಸೆಂಟಿಮೀಟರಿಗೆ 8,000 ವೋಲ್ಟ್, ಅದೂ ಸೆಕೆಂಡಿನ ಹತ್ತು ಲಕ್ಷದಲ್ಲಿ ಐದು ಭಾಗದಷ್ಟು ಹೊತ್ತು. ಡಿಎನ್‌ಎ ಒಳಹೊಕ್ಕಿತು, ಕೋಶ ಬದುಕಿತು, ಹೊಸ ಜೀನ್ ಕೆಲಸ ಮಾಡಿತು. ಅದೇ ಪ್ರಬಂಧದ ಶೀರ್ಷಿಕೆಯಲ್ಲಿ ಎಲೆಕ್ಟ್ರೊಪೊರೇಶನ್ ಎಂಬ ಹೆಸರೂ ಇತ್ತು.

ಅಲ್ಲಿಂದ ದಾರಿ ಕವಲೊಡೆಯಿತು. ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಟಿ.ಜೆ. ಪಾಂಡಿಯನ್ ತಂಡ ನಮ್ಮ ಕೆರೆಗಳ ಗೆಂಡೆ ಮೀನುಗಳಿಗೆ ಹೀಗೆಯೇ ಜೀನ್ ಸೇರಿಸಿತು. ಪ್ಯಾರಿಸ್ ಬಳಿಯ ಗುಸ್ತಾವ್ ರೂಸಿ ಕ್ಯಾನ್ಸರ್ ಸಂಸ್ಥೆಯಲ್ಲಿ ಲೂಯಿ ಮೀರ್ ಮತ್ತು ಸಂಗಡಿಗರು ಸುಲಭಕ್ಕೆ ಕೋಶದೊಳಗೆ ಹೋಗದ ಬ್ಲಿಯೊಮೈಸಿನ್ ಔಷಧವನ್ನು ವಿದ್ಯುತ್ ಹೊಡೆತದಿಂದ ಗಡ್ಡೆಗೆ ನುಗ್ಗಿಸಿ, 1991ರಲ್ಲಿ ರೋಗಿಗಳ ಮೇಲಿನ ಮೊದಲ ಫಲಿತಾಂಶ ಪ್ರಕಟಿಸಿದರು. ಕುಡುಗೋಲು ಕಣ ರೋಗಕ್ಕೆ ಬ್ರಿಟನ್ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟ, ಜೀನ್ ತಿದ್ದುವ ಕ್ರಿಸ್ಪರ್ ಚಿಕಿತ್ಸೆಯಲ್ಲಿ ರೋಗಿಯ ಮೂಲಕೋಶಗಳಿಗೆ ಜೀನ್ ಕತ್ತರಿ ಹೋಗುವುದು ಇದೇ ಬಾಗಿಲಿಂದ. ಮರುತಿಂಗಳು ಅಮೆರಿಕ ಒಪ್ಪಿದ ಹೃದಯದ ಚಿಕಿತ್ಸೆಯಲ್ಲಂತೂ ರಂಧ್ರ ಮುಚ್ಚದಂತೆಯೇ ಹೊಡೆಯುತ್ತಾರೆ. ಬಡಿತ ತಪ್ಪಿಸುವ ಸ್ನಾಯುಕೋಶ ಸಾಯುತ್ತದೆ, ಪಕ್ಕದ ಅನ್ನನಾಳ ಬಹುಮಟ್ಟಿಗೆ ಪಾರಾಗುತ್ತದೆ. ದೋಟಿ ಹಿಡಿದವರ ತೋಳನ್ನು ಕಿತ್ತುಕೊಂಡ ಅದೇ ಭೌತಶಾಸ್ತ್ರ ಇಲ್ಲಿ ಜೀವ ಕಾಯುತ್ತಿದೆ.

ಇಂಥ ಹೊಡೆತ ಕೊಡುವ ಪ್ರಯೋಗಶಾಲೆಯ ಎಲೆಕ್ಟ್ರೊಪೊರೇಟರ್ ಲಕ್ಷ ರೂಪಾಯಿಗಳ ಲೆಕ್ಕದ ಯಂತ್ರ. ಅದನ್ನು ಅಗ್ಗವಾಗಿಸಲು ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಸಾದ್ ಭಾಮ್ಲಾ ತಂಡ ಅಡುಗೆಮನೆಯ ಗ್ಯಾಸ್ ಲೈಟರ್ ಬಿಚ್ಚಿತು. ಅದರೊಳಗೆ ಒಂದು ಸ್ಪ್ರಿಂಗ್, ಸಣ್ಣ ಸುತ್ತಿಗೆ, ಒತ್ತಿದರೆ ವಿದ್ಯುತ್ ಹುಟ್ಟಿಸುವ ಪೀಜೊ ಹರಳು. ಬ್ಯಾಟರಿ ಬೇಡ, ಪ್ಲಗ್ ಬೇಡ. ಒಂದು ಸಲ ಒತ್ತಿದರೆ ಸುಮಾರು 2,000 ವೋಲ್ಟ್, ಇ. ಕೋಲೈ ಬ್ಯಾಕ್ಟೀರಿಯಾದ ಪೊರೆ ತೆರೆಯಲು ಅಷ್ಟು ಸಾಕು. ತೂಕ 13 ಗ್ರಾಂ, ಖರ್ಚು 23 ಸೆಂಟ್, ಅಂದರೆ ಇಪ್ಪತ್ತು ರೂಪಾಯಿಯ ಆಸುಪಾಸು. 2020ರ ಜನವರಿಯಲ್ಲಿ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟು ಪ್ರಕಟಿಸಿದರು. ಅಲ್ಲಿನ ಹೈಸ್ಕೂಲ್ ಮಕ್ಕಳು ಬಳಸಿಯೂ ನೋಡಿದ್ದಾರೆ. ಕೊಣಾಜೆ, ದೇರಳಕಟ್ಟೆ, ಕೊಡಿಯಾಲಬೈಲುಗಳಲ್ಲಿ ಜೀವವಿಜ್ಞಾನ ಕಲಿಯುವ ನಮ್ಮ ಮಕ್ಕಳೂ ಇದನ್ನು ಕೈಯಾರೆ ಕಟ್ಟಿ ನೋಡಲಿ ಎಂಬುದು ನನ್ನಾಸೆ. ಲೈಟರ್ ಯಾವ ಅಂಗಡಿಯಲ್ಲೂ ಸಿಗುತ್ತದೆ, ಹೊರಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯಬಹುದು.