ಗಣಕಯಂತ್ರದ ಒಡಲೂ ಅದರ ವಿದ್ಯೆಯೂ

ಮನೆಗೆ ಹೊಲಿಗೆಯ ಯಂತ್ರವನ್ನೋ ಗೋಡೆಯ ಗಡಿಯಾರವನ್ನೋ ಕೊಂಡುತಂದ ಗೃಹಸ್ಥನು ಅದಕ್ಕೆ ಎಣ್ಣೆ ಬಿಡುವುದೆಲ್ಲಿ, ಕೀಲಿ ಕೊಡುವುದು ಹೇಗೆ ಎಂಬುದನ್ನು ಕೇಳಿ ತಿಳಿದುಕೊಳ್ಳುವುದುಂಟು. ಆದರೆ ಅವಕ್ಕಿಂತ ಹೆಚ್ಚು ಬೆಲೆ ತೆತ್ತು ತಂದ ಗಣಕಯಂತ್ರದ ವಿಷಯದಲ್ಲಿ ಮಾತ್ರ, “ಅದೆಲ್ಲ ಮಕ್ಕಳಿಗೆ ಗೊತ್ತು, ನಮಗೇಕೆ?” ಎಂದು ಸುಮ್ಮನಿರುವವರೇ ಬಹುಮಂದಿ. ಮನೆಯ ಲೆಕ್ಕ, ಮಕ್ಕಳ ಅಂಕಪಟ್ಟಿ, ಮದುವೆ ಮುಂಜಿಗಳ ಚಿತ್ರಗಳು, ಹಿರಿಯರು ಬರೆದಿಟ್ಟ ಬರವಣಿಗೆ ಇವೆಲ್ಲವೂ ಇಂದು ಆ ಪೆಟ್ಟಿಗೆಯೊಳಗೆ ಸೇರಿರುವುದರಿಂದ ಈ ಉದಾಸೀನವು ತಕ್ಕದ್ದಲ್ಲ. ಯಂತ್ರವು ನಿಂತ ದಿವಸ ಕೆಟ್ಟದ್ದು ಯಾವುದು, ಉಳಿದದ್ದು ಯಾವುದು ಎಂದು ಅರಿಯದವನು ಹಣವನ್ನೂ ಕಳೆದುಕೊಳ್ಳುವನು. ಮತ್ತೆ ದೊರೆಯದ ಕಾಗದಪತ್ರಗಳನ್ನೂ ಕಳೆದುಕೊಳ್ಳುವನು. ಆದಕಾರಣ ಇದರ ಮೂಲ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ತಿಳಿಸಲಾಗಿದೆ.

ಯಂತ್ರಾಂಶ ಮತ್ತು ತಂತ್ರಾಂಶ

ಗಣಕಯಂತ್ರದಲ್ಲಿ ಎರಡು ಅಂಶಗಳುಂಟು. ಕೈಯಿಂದ ಮುಟ್ಟಬಹುದಾದ ಭಾಗವೆಲ್ಲ ಯಂತ್ರಾಂಶವು. ಹಾರ್ಡ್‌ವೇರ್ ಎಂಬುದು ಇದೇ. ಆ ಯಂತ್ರವು ಮಾಡಬೇಕಾದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ವಿಧಿಸುವ ಆಜ್ಞೆಗಳ ಸಮೂಹವು ತಂತ್ರಾಂಶ. ಇದನ್ನು ಸಾಫ್ಟ್‌ವೇರ್ ಎನ್ನುವರು. ವೀಣೆಯು ಎಷ್ಟು ಉತ್ತಮವಾದರೂ ಕೃತಿಯನ್ನು ಬಲ್ಲವರು ಮಿಡಿಯದ ಹೊರತು ಸಂಗೀತವಾಗದಷ್ಟೆ. ಅದರಂತೆಯೇ ತಂತ್ರಾಂಶವಿಲ್ಲದ ಯಂತ್ರವು ಬರಿಯ ಲೋಹದ ಪೆಟ್ಟಿಗೆ.

ಈ ಎರಡೂ ಮೊದಲಿನಿಂದ ಇಷ್ಟು ಸ್ಪಷ್ಟವಾಗಿ ಬೇರೆಯಾಗಿರಲಿಲ್ಲ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅದರ ತೂಕ ಸುಮಾರು 30 ಟನ್ನು. ಹೊಸದೊಂದು ಲೆಕ್ಕವನ್ನು ಮಾಡಿಸಬೇಕಾದರೆ ತಂತಿಗಳನ್ನು ಕಿತ್ತು ಬೇರೆ ಕಡೆಗೆ ಜೋಡಿಸಿ, ಸ್ವಿಚ್ಚುಗಳನ್ನು ತಿರುಗಿಸಬೇಕಾಗಿತ್ತು. ಇದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. 1948ರ ಜೂನ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಂದು ಚಿಕ್ಕ ಯಂತ್ರವು ತನ್ನ ಸ್ಮರಣೆಯಲ್ಲಿಯೇ ಇಟ್ಟುಕೊಂಡ ಆಜ್ಞೆಗಳಂತೆ ಲೆಕ್ಕಮಾಡಿತು. ಅಂದಿನಿಂದ ತಂತಿಯನ್ನು ಮುಟ್ಟದೆ ಆಜ್ಞೆಗಳನ್ನು ಮಾತ್ರ ಬದಲಾಯಿಸಿ, ಒಂದೇ ಯಂತ್ರದಿಂದ ನೂರಾರು ಬಗೆಯ ಕೆಲಸ ಮಾಡಿಸುವ ದಾರಿ ತೆರೆಯಿತು. ಇಂದು ಒಂದೇ ಪೆಟ್ಟಿಗೆಯಲ್ಲಿ ಲೆಕ್ಕ ಬರೆದು, ಹಾಡು ಕೇಳಿ, ದೂರದೇಶದ ಮಗನ ಮುಖವನ್ನು ನೋಡುವುದು ಸಾಧ್ಯವಾಗಿರುವುದಕ್ಕೆ ಇದೇ ಕಾರಣ.

ಒಳಗಿನ ಕಚೇರಿ

ಯಂತ್ರದ ಒಳಭಾಗವನ್ನು ಒಂದು ಕಚೇರಿಯೆಂದು ಭಾವಿಸೋಣ. ಅಲ್ಲಿ ಕುಳಿತು ಕೂಡುವ, ಕಳೆಯುವ, ಹೋಲಿಸಿ ನೋಡುವ ಗುಮಾಸ್ತನೇ ಪ್ರೊಸೆಸರು. ಇವನಿಗೆ ಬುದ್ಧಿಗಿಂತ ವೇಗವೇ ಹೆಚ್ಚು. ಒಂದು ಸೆಕೆಂಡಿನಲ್ಲಿ ಕೋಟ್ಯಂತರ ಚಿಕ್ಕ ಲೆಕ್ಕಗಳನ್ನು ಮುಗಿಸುವನು. ಅವನ ಮುಂದಿನ ಮೇಜೇ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮರಣೆ. ಗೋಡೆಯ ಪಕ್ಕದಲ್ಲಿ ಕಡತಗಳನ್ನಿಟ್ಟ ಬೀರುವೇ ಡಿಸ್ಕು. ಇವೆಲ್ಲವನ್ನೂ ಜೋಡಿಸುವ ಹಲಗೆಗೆ ಮದರ್‌ಬೋರ್ಡ್ ಎಂದು ಹೆಸರು. ಕೀಲಿಮಣೆ ಮತ್ತು ಮೌಸುಗಳು ಕಾಗದ ಒಳಗೆ ಬರುವ ಬಾಗಿಲು; ಪರದೆ ಮತ್ತು ಪ್ರಿಂಟರುಗಳು ಉತ್ತರ ಹೊರಗೆ ಹೋಗುವ ಬಾಗಿಲು.

ಮೇಜಿಗೂ ಬೀರುವಿಗೂ ಇರುವ ಭೇದವನ್ನು ಓದುಗರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ವಿದ್ಯುತ್ತು ನಿಂತೊಡನೆ ಮೇಜಿನ ಮೇಲಿದ್ದುದೆಲ್ಲ ಅಳಿಸಿಹೋಗುವುದು, ಬೀರುವಿನಲ್ಲಿಟ್ಟದ್ದು ಉಳಿಯುವುದು. ಬರೆಯುತ್ತಿರುವಾಗ ಆಗಾಗ್ಗೆ “ಸೇವ್” ಮಾಡಬೇಕೆಂದು ಹೇಳುವುದು ಇದಕ್ಕಾಗಿಯೇ. ಮೇಜು ಚಿಕ್ಕದಾಗಿದ್ದರೆ ಗುಮಾಸ್ತನು ಮೇಲಿಂದ ಮೇಲೆ ಬೀರುವಿಗೆ ಓಡಬೇಕಾಗಿ ಕೆಲಸ ನಿಧಾನವಾಗುವುದು. ಇಂಥ ಯಂತ್ರವನ್ನು ಮಾರಿಬಿಡುವುದಕ್ಕೆ ಮುಂಚೆ, ರ‍್ಯಾಮನ್ನು ಹೆಚ್ಚಿಸಬಹುದೇ ಎಂದು ವಿಚಾರಿಸುವುದು ಒಳ್ಳೆಯದು.

ಬೀರುವಿನಲ್ಲಿಯೂ ಎರಡು ಜಾತಿ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುವುವು. ಓದುವ ಮುಳ್ಳು ತಟ್ಟೆಯನ್ನು ಸೋಕದೆ ಅತಿ ಸಮೀಪದಲ್ಲಿ ಚಲಿಸುವುದು. ತಿರುಗುತ್ತಿರುವಾಗ ಕೆಳಗೆ ಬಿದ್ದರೆ ಮುಳ್ಳು ತಟ್ಟೆಯನ್ನು ಗೀರಿ ಬರಹವನ್ನು ಹಾಳುಮಾಡಬಹುದು. ಎಸ್.ಎಸ್.ಡಿ. ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವಿಲ್ಲ. ವೇಗವೂ ಬಹಳ ಹೆಚ್ಚು.

ಅಕ್ಷರವು ಅಂಕಿಯಾಗುವ ಬಗೆ

ಯಂತ್ರಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಮಾತ್ರ. ಇಂಥ ಒಂದು ಗುರುತಿಗೆ ಬಿಟ್ಟು ಎಂದೂ, ಎಂಟು ಬಿಟ್ಟುಗಳಿಗೆ ಒಂದು ಬೈಟು ಎಂದೂ ಹೆಸರು. ಹಾಗಾದರೆ ನಮ್ಮ ಕನ್ನಡವನ್ನು ಅದು ಬರೆಯುವುದೆಂತು? ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ‘ಅ’ಕಾರಕ್ಕೆ 3205, ‘ಕ’ಕಾರಕ್ಕೆ 3221. ‘ಕನ್ನಡ’ ಎಂಬ ಪದವು ಯಂತ್ರದ ಪಾಲಿಗೆ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂಬ ಐದು ಸಂಖ್ಯೆಗಳು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟಿನಂತೆ ಅದು ಹದಿನೈದು ಬೈಟುಗಳ ಸ್ಥಳವನ್ನು ಹಿಡಿಯುವುದು. ಎರಡು ನಕಾರಗಳನ್ನು ಕೂಡಿಸಿ ‘ನ್ನ’ ಎಂಬ ಒತ್ತಕ್ಷರವನ್ನು ಪರದೆಯ ಮೇಲೆ ಮೂಡಿಸುವುದು ತಂತ್ರಾಂಶದ ಕೆಲಸ.

ಈ ಪಟ್ಟಿಯು ಎಲ್ಲೆಡೆ ಬಳಕೆಗೆ ಬರುವ ಮೊದಲು ಒಂದೊಂದು ಕನ್ನಡ ತಂತ್ರಾಂಶವೂ ತನ್ನದೇ ಸಂಖ್ಯೆಗಳನ್ನು ಬಳಸುತ್ತಿತ್ತು. ಆದ್ದರಿಂದ ಆ ಕಾಲದಲ್ಲಿ ಬೆರಳಚ್ಚು ಮಾಡಿದ ಬರಹವನ್ನು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣಬಹುದು. ತಾತನವರ ಬರವಣಿಗೆ ಹಾಳಾಯಿತೆಂದು ಅದನ್ನು ಅಳಿಸಬೇಡಿರಿ. ಸಂಖ್ಯೆಗಳು ಹಾಗೆಯೇ ಇರುವುವು; ಓದುವ ಪಟ್ಟಿ ಮಾತ್ರ ಬೇರೆ. ಇಂಥ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ.

ಕೆಟ್ಟಾಗ ಮಾಡತಕ್ಕದ್ದು

ಗುಂಡಿಯನ್ನು ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಹಲಗೆಯ ಮೇಲಿನ ಒಂದು ಚಿಕ್ಕ ತಂತ್ರಾಂಶ. ಅದು ವಿಂಡೋಸ್, ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಯನ್ನು ಬೀರುವಿನಿಂದ ಮೇಜಿಗೆ ಕರೆತರುವುದು. ಕಚೇರಿಯ ಯಜಮಾನಿಕೆ ಈ ವ್ಯವಸ್ಥೆಯದು. ಪತ್ರ ಬರೆಯುವ, ಚಿತ್ರ ತೋರಿಸುವ ತಂತ್ರಾಂಶಗಳು ಅದರ ಅಪ್ಪಣೆಯಂತೆ ನಡೆಯುವುವು. ಈ ಕ್ರಮವನ್ನು ಬಲ್ಲವನಿಗೆ ದೋಷ ಎಲ್ಲಿದೆಯೆಂದು ಊಹಿಸುವುದು ಸುಲಭ. ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲವಾದರೆ ವಿದ್ಯುತ್ತಿನ ತಂತಿಯನ್ನು ಮೊದಲು ನೋಡತಕ್ಕದ್ದು. ಒಂದೇ ತಂತ್ರಾಂಶ ನಿಂತು ಉಳಿದವು ನಡೆಯುತ್ತಿದ್ದರೆ ದೋಷವು ಬಹುಮಟ್ಟಿಗೆ ಆ ತಂತ್ರಾಂಶದ್ದು. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಒಡನೆಯೇ ಯಂತ್ರವನ್ನು ನಿಲ್ಲಿಸಬೇಕು.

ವಿಂಡೋಸ್ ಏಳದೆ ಹೋದಾಗ “ಫಾರ್ಮ್ಯಾಟ್ ಮಾಡಿದರೆ ಸರಿಹೋಗುವುದು” ಎಂದು ರಿಪೇರಿಯವರು ಹೇಳುವುದುಂಟು. ಹಾಗೆಂದರೆ ಬೀರುವನ್ನು ಬರಿದುಮಾಡಿ ಹೊಸದಾಗಿ ಜೋಡಿಸುವುದು ಎಂದರ್ಥ. ಯಜಮಾನನು ಮಲಗಿದ ಮಾತ್ರಕ್ಕೆ ಕಡತಗಳು ಸುಟ್ಟಿರುವುದಿಲ್ಲ. ಅನೇಕ ವೇಳೆ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ಚಿತ್ರಗಳನ್ನೂ ಪತ್ರಗಳನ್ನೂ ತೆಗೆದುಕೊಳ್ಳಬಹುದು. ಆದಕಾರಣ “ಮೊದಲು ನಮ್ಮ ಕಡತಗಳನ್ನು ನಕಲು ಮಾಡಿರಿ, ಆಮೇಲೆ ಮುಂದಿನ ಕೆಲಸ” ಎಂದು ಸ್ಪಷ್ಟವಾಗಿ ಹೇಳಬೇಕು. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿನ ಬರಹವು ಗುಪ್ತಲಿಪಿಯಲ್ಲಿರುವುದು. ಅದನ್ನು ಬಿಡಿಸುವ ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದು ಒಡವೆಗಳಂತೆ ಜೋಪಾನವಾಗಿಡತಕ್ಕದ್ದು.

ಒಡಲು ಗಟ್ಟಿಯಾಗಿದ್ದರೂ ವಿದ್ಯೆ ಹಳತಾಗುವುದೂ ಉಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಳ್ಳರು ನುಗ್ಗುವ ಕಂಡಿಗಳನ್ನು ಮುಚ್ಚುವ ತಿದ್ದುಪಡಿಗಳು ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಕ್ಷೇಮಕರವಲ್ಲ. ಹಾಗೆಂದು ಪೆಟ್ಟಿಗೆಯನ್ನೇ ಎಸೆಯಬೇಕಾಗಿಲ್ಲ. ಹಲವು ಹಳೆಯ ಯಂತ್ರಗಳು, ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯಬಲ್ಲವು.

ಕಡೆಯದಾಗಿ ಒಂದು ಮಾತು. ಒಡಲು ಕೆಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಕ್ಕುವುದು. ತಂತ್ರಾಂಶ ಕೆಟ್ಟರೆ ಮತ್ತೆ ಹಾಕಿಕೊಳ್ಳಬಹುದು. ಮನೆಯವರೇ ಮಾಡಿಟ್ಟ ಬರಹಗಳು, ಚಿತ್ರಗಳು ಮಾತ್ರ ಯಾವ ಅಂಗಡಿಯಲ್ಲಿಯೂ ದೊರೆಯವು. ಅವುಗಳ ಒಂದು ನಕಲನ್ನು ಬೇರೊಂದು ಡಿಸ್ಕಿನಲ್ಲಿಯೂ, ಮತ್ತೊಂದನ್ನು ಬೇರೆ ಊರಿನ ನಂಟರ ಮನೆಯಲ್ಲಿಯೂ ಇಡುವುದು ಲೇಸು. ಮುಂದಿನ ಭಾನುವಾರ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಕೆಲಸವನ್ನು ಮುಗಿಸಬಹುದು. ಮನೆಯ ಹೆಂಗಸರೂ ಗಂಡಸರೂ ಅದನ್ನು ನೋಡಿ ಕಲಿಯಲಿ.